ಕರಡಿ ಗಂಟೆ

ನನ್ನ ಮಾವ ಕ್ಯುಸಾಕು ಬೆಳಗಿನ ಜಾವ ಅಣಬೆ ಹುಡುಕಲು ಬೆಟ್ಟಕ್ಕೆ ಹೋದರೆ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಮಿಸೊ ಸಾರಿನ ಮುಂದೆ ಬಂದು ಕೂರುತ್ತಿದ್ದರು. ವಯಸ್ಸು ಎಪ್ಪತ್ತೆಂಟು. ಗೋಡೆ ಗಡಿಯಾರ ತಪ್ಪಿದರೂ ಅವರು ತಪ್ಪುತ್ತಿರಲಿಲ್ಲ. ಆ ಅಕ್ಟೋಬರ್ ದಿನ ಮಾತ್ರ ಎರಡು ಗಂಟೆಯಾದರೂ ಬರಲಿಲ್ಲ. ಊರಲ್ಲಿ ಬೆಳಗಿನಿಂದ ಮಳೆ ಹಿಡಿದಿತ್ತು. ಒಮ್ಮೆ ಮೋಡ ಸರಿದಾಗ ಅಡುಗೆಮನೆ ಕಿಟಕಿಯಿಂದ ಬೆಟ್ಟ ಕಂಡಿತು. ನಿನ್ನೆ ಕೆಂಪೆಲೆ ಇದ್ದ ಕಡೆಯೆಲ್ಲ, ತುದಿಯಿಂದ ಅರ್ಧದವರೆಗೂ, ಬೆಳ್ಳಗಾಗಿತ್ತು. ಈ ವರ್ಷದ ಮೊದಲ ಹಿಮ. ಇಂದು ರಾತ್ರಿ ಕಣಿವೆಯಲ್ಲೂ ನೀರು ಹೆಪ್ಪುಗಟ್ಟುತ್ತದೆ, ತೋಟದ ಬೆಳೆ ಮುಚ್ಚಿಡಿ ಎಂದು ರೇಡಿಯೊ ಹೇಳುತ್ತಿತ್ತು.

ಊರಿನ ಸಭಾಮನೆಯಲ್ಲಿ ಅಗ್ನಿಶಾಮಕ ಸ್ವಯಂಸೇವಕರು ಸೇರಿದರು. ಅವರ ಮುಖ್ಯಸ್ಥ ಮೊಮೊಸೆ ನಕ್ಷೆ ಹರಡಿದ. ಮಾವನ ಪುಟ್ಟ ಟ್ರಕ್ ಪಶ್ಚಿಮದ ಕಮರಿಯ ಬಾಯಲ್ಲಿ ಸಿಕ್ಕಿತ್ತು. ಸರಿ, ಕಮರಿಯನ್ನೇ ಜಾಲಾಡೋಣ ಎಂದು ಎಲ್ಲರೂ ಅತ್ತ ಹೊರಟರು. ನನ್ನ ಗಂಡ ಮಿತ್ಸುರು ಎಲ್ಲರಿಗಿಂತ ಮುಂದೆ ಓಡಿದ. ನಾನು ಒಲೆಯ ಹತ್ತಿರ ನಿಂತು ಚಹಾ ಸೋಸುತ್ತಿದ್ದೆ, ಬಾಯಿ ಬಿಡಲಿಲ್ಲ.

ಮಾವ ಕಮರಿಯಲ್ಲಿಲ್ಲ ಎಂದು ನನಗೆ ಗೊತ್ತಿತ್ತು.

ನಮ್ಮೂರಿನ ಜನ ತಮ್ಮ ಮೂಲವ್ಯಾಧಿಯ ಸುದ್ದಿಯನ್ನಾದರೂ ಪಕ್ಕದ ಮನೆಗೆ ಹೇಳಿಯಾರು, ಪೈನ್ ಮರದ ಬುಡದಲ್ಲಿ ಸಿಗುವ, ಬಂಗಾರದ ಬೆಲೆಯ ಮತ್ಸುತಾಕೆ ಅಣಬೆ ಏಳುವ ಜಾಗವನ್ನು ಹೆತ್ತ ಮಗನಿಗೂ ಹೇಳುವುದಿಲ್ಲ. ಮಿತ್ಸುರು ಇಪ್ಪತ್ತು ವರ್ಷ ಕೇಳಿದ್ದಾನೆ. ಸಾಯೋ ಹೊತ್ತಿಗೆ ಹೇಳ್ತೀನಿ ಬಿಡು ಎಂದು ಮಾವ ನಗುತ್ತಿದ್ದರು. ಯಾರಾದರೂ ಹಿಂದೆ ಬಿದ್ದಾರೆಂದು ಗಾಡಿಯನ್ನು ಒಂದು ಕಡೆ ನಿಲ್ಲಿಸಿ, ಬೆಟ್ಟದ ನೆತ್ತಿಯ ಏಣು ದಾಟಿ ಇನ್ನೊಂದು ಕಡೆಗೆ ನಡೆಯುತ್ತಿದ್ದರು. ಇದು ಅವರೊಬ್ಬರ ಕಿತಾಪತಿಯಲ್ಲ, ಎಲ್ಲರೂ ಮಾಡುವುದೇ. ಆದರೂ ಕಳೆದುಹೋದ ಮನುಷ್ಯನನ್ನು ಹುಡುಕುವಾಗ ಎಲ್ಲರೂ ಗಾಡಿ ನಿಂತ ಕಡೆಯೇ ಹೋಗುತ್ತಾರೆ.

ನಾನು ಮೂರು ವರ್ಷದ ಹಿಂದೆ ಅವರ ಬೆನ್ನು ಹತ್ತಿದ್ದೆ. ಆಗ ನನ್ನ ಅಮ್ಮ ಹಾಸಿಗೆ ಹಿಡಿದಿದ್ದಳು. ಮತ್ಸುತಾಕೆ ಹಾಕಿದ ಅನ್ನ ಒಂದು ತುತ್ತು ಬೇಕು ಅಂದಿದ್ದಳು. ಮಾವನನ್ನು ಕೇಳಲು ನನಗೆ ಸೊಕ್ಕು ಬಿಡಲಿಲ್ಲ. ಕದ್ದು ಹೋಗಿ ಎರಡು ಅಣಬೆ ತಂದೆ. ಅಮ್ಮ ತಿಂದಳು, ಹತ್ತು ದಿನದಲ್ಲಿ ತೀರಿಕೊಂಡಳು. ಅಲ್ಲಿಗೆ ನಿಲ್ಲಿಸಿದ್ದರೆ ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತಿದ್ದೆ. ಮರುವರ್ಷವೂ ಹೋದೆ, ಅದರ ಮರುವರ್ಷವೂ ಹೋದೆ; ಈ ವರ್ಷ ಮಾತ್ರ ಇನ್ನೂ ಹೋಗಿರಲಿಲ್ಲ. ಪೈನ್‌ನ ಸೂಜಿ ಎಲೆ ಸರಿಸಿದಾಗ ಬೆರಳಿಗೆ ಅಣಬೆಯ ಆ ತಣ್ಣನೆ ತಲೆ ತಾಕುವ ಸುಖಕ್ಕೆ ಹೋದೆ. ಸದ್ದಾದೀತೆಂದು ಕರಡಿ ಓಡಿಸುವ ಗಂಟೆಯನ್ನೂ ಕಟ್ಟಿಕೊಳ್ಳುತ್ತಿರಲಿಲ್ಲ. ಈ ಊರಲ್ಲಿ ಇನ್ನೊಬ್ಬರ ಜಾಗಕ್ಕೆ ಕೈ ಹಾಕಿದವರನ್ನು ಮೂರು ತಲೆಮಾರಾದರೂ ಕಳ್ಳರ ಮನೆಯವರು ಎಂದೇ ಕರೆಯುತ್ತಾರೆ. ನಾನು ಮನೆಯೊಳಗೇ ಕದ್ದವಳು.

ಹೀಗೆ ಒಂದು ಗಂಟೆ ಸುಮ್ಮನಿದ್ದೆ. ಅದನ್ನು ಬರೆಯಲು ಈಗಲೂ ನಾಚಿಕೆ. ಮೂರಕ್ಕೆ ಅವರೆಲ್ಲ ತೊಯ್ದು ತೊಪ್ಪೆಯಾಗಿ, ಬರಿಗೈಯಲ್ಲಿ ವಾಪಸಾದರು. ಇನ್ನೆರಡು ಗಂಟೆಯಲ್ಲಿ ಕತ್ತಲು. ಕಮರಿಯ ಮೇಲ್ಭಾಗ ನೋಡೋಣ ಎಂದು ಮೊಮೊಸೆ ನಕ್ಷೆಯ ಮೇಲೆ ಬೆರಳಿಟ್ಟಾಗ ನಾನು ಕೈಯ ಲೋಟ ಕೆಳಗಿಟ್ಟೆ.

"ಅವರು ಅಲ್ಲಿಲ್ಲ," ಅಂದೆ. "ಏಣು ದಾಟಿ ಪೂರ್ವದ ಪೈನ್ ಕಾಡಿಗೆ ಹೋಗ್ತಾರೆ. ನಾನು ತೋರಿಸ್ತೀನಿ."

ಮಿತ್ಸುರು ನನ್ನ ಮುಖ ನೋಡಿದ. "ನಿನಗೆ ಹೇಗೆ ಗೊತ್ತು, ಸಚಿಯೆ?"

"ಗೊತ್ತು ರೀ."

"ಅದೆಲ್ಲ ಆಮೇಲೆ," ಅಂದ ಮೊಮೊಸೆ. "ಮೊದಲು ಬೂಟು ಹಾಕ್ಕೊಳ್ಳಮ್ಮ."

ಮಡಚುವ ಸ್ಟ್ರೆಚರ್ ಹೊತ್ತು ಆರು ಜನ ಹತ್ತಿದೆವು. ಕೆಳಗೆ ಮಳೆ, ಏಣಿನ ಹತ್ತಿರ ಮಳೆ ಬೆರೆತ ಹಿಮ, ಅದರಾಚೆ ಬಿಳಿ ಬಿಟ್ಟರೆ ಬೇರೇನೂ ಇಲ್ಲ. ಹಸಿ ಹಿಮದ ಭಾರಕ್ಕೆ ಎಲೆ ಉದುರದ ಕೊಂಬೆಗಳು ಅಲ್ಲಲ್ಲಿ ಪಟ್ಟೆಂದು ಮುರಿಯುತ್ತಿದ್ದವು. ಮಾವನ ಗಂಟೆ ಕೇಳೀತೇ ಎಂದು ಮೊಮೊಸೆ ಆಗಾಗ ಎಲ್ಲರನ್ನೂ ನಿಲ್ಲಿಸುತ್ತಿದ್ದ. ಏನೂ ಕೇಳಲಿಲ್ಲ. ಅಲ್ಲಿ ಹೆಣ ಬಿದ್ದಿದ್ದರೆ ಅದನ್ನು ಮೊದಲು ನೋಡುವವಳು ನಾನೇ, ದಾರಿ ತೋರಿಸುತ್ತಿದ್ದವಳು ನಾನಲ್ಲವೇ.

ಜಾಗ ಖಾಲಿಯಿತ್ತು. ಹಿಮದ ಮೇಲೆ ಒಂದು ಹೆಜ್ಜೆಯೂ ಇಲ್ಲ. ಆದರೆ ದೊಡ್ಡ ಪೈನ್ ಮರದ ಕೊಂಬೆಗೆ ಮಾವನ ಹಿತ್ತಾಳೆ ಗಂಟೆ ಕಟ್ಟಿತ್ತು, ತೀರಿಹೋದ ಅತ್ತೆ ಹೆಣೆದ ಅದೇ ಕೆಂಪು ಹುರಿ. ಮಾವ ಉದ್ದನೆಯ ಆಳು, ನಾನು ಗಿಡ್ಡಿ. ಗಂಟೆ ನನ್ನ ಕೈಗೆ ಎಟುಕುವಷ್ಟೇ ಎತ್ತರದಲ್ಲಿತ್ತು. ಹುರಿಯ ಗಂಟು ಮಳೆಗೆ ಬಿಗಿದು ಹಳತಾಗಿತ್ತು, ಇವತ್ತು ಕಟ್ಟಿದ್ದಲ್ಲ.

ಮಾವನಿಗೆ ಗೊತ್ತಿತ್ತು. ಗಂಟೆಯಿಲ್ಲದೆ ಬರುವ ಸೊಸೆಯನ್ನು ಕರಡಿ ಹಿಡಿಯದಿರಲಿ ಎಂದು ತಮ್ಮದನ್ನು ಬಿಚ್ಚಿಟ್ಟು, ಜಾಗವನ್ನೂ ನನಗೇ ಬಿಟ್ಟು, ತಾವು ಮೇಲೆ ಬೇರೆ ಜಾಗ ಹುಡುಕಿಕೊಂಡಿದ್ದರು. ಮೇಲೆ ಅಂದರೆ ಹೆಮ್ಲಾಕ್ ಮರಗಳ ಕಾಡು, ಹಿಮ ಬೆಳಗಿನಿಂದ ಸುರಿಯುತ್ತಿದ್ದ ಕಡೆ. ಅವರನ್ನು ಅಲ್ಲಿಗೆ ಅಟ್ಟಿದವಳು ನಾನು.

ಗಂಟೆಯನ್ನು ಕಿತ್ತುಕೊಂಡು ಹುಚ್ಚಿಯ ಹಾಗೆ ಬಾರಿಸುತ್ತ ಹತ್ತಿದೆ. ಬಾರಿಸುವುದು, ನಿಲ್ಲುವುದು, ಕಿವಿಗೊಡುವುದು. ಎಷ್ಟು ಸಲವೋ ತಿಳಿಯದು. ಕೊನೆಗೆ ಮೇಲಿನಿಂದ ಕೋಲಿನಲ್ಲಿ ಮರಕ್ಕೆ ಹೊಡೆದ ಸದ್ದು ಬಂತು, ಒಂದೇ ಒಂದು. ಮತ್ತೆ ಬಾರಿಸಿದೆ. ಮತ್ತೊಂದು ಬಂತು, ಮೊದಲಿನದಕ್ಕಿಂತ ಸಣ್ಣಗೆ.

ಬಿದ್ದ ಮರವೊಂದರ ಸಂದಿಯಲ್ಲಿ ಮಾವ ಒರಗಿದ್ದರು. ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು, ತುಟಿ ನೀಲಿಯಾಗಿತ್ತು, ನಡುಕ ಆಗಲೇ ನಿಂತಿತ್ತು. ನಡುಕ ನಿಂತರೆ ಬಹಳ ಕೆಟ್ಟದ್ದು ಎಂದು ಮೊಮೊಸೆ ಚೀಲದಿಂದ ಒಣ ಕೋಟು ತೆಗೆದು ಸುತ್ತಿದ. ಮಿತ್ಸುರು ಅಪ್ಪನ ಕೈ ಉಜ್ಜುತ್ತ, ಇವಳಿಗೆ ದಾರಿ ಗೊತ್ತಿತ್ತಪ್ಪ, ಇವಳೇ ಕರೆತಂದಳು ಎಂದ. ಅದರಲ್ಲಿ ಸಂತೋಷ ಎಷ್ಟು, ಪ್ರಶ್ನೆ ಎಷ್ಟು ಎಂದು ನನಗೆ ತಿಳಿಯಲಿಲ್ಲ.

ಮಾವ ನನ್ನ ಕೈಯ ಗಂಟೆ ನೋಡಿದರು.

"ನಾನೇ ಹೇಳಿದ್ದೆ," ಅಂದರು.

ಮಿತ್ಸುರುವಿನ ಮುಖ ಬಿದ್ದುಹೋಯಿತು. ಇಪ್ಪತ್ತು ವರ್ಷ ಕೇಳಿದ ಮಗನಿಗಿಲ್ಲದ್ದು ಸೊಸೆಗೆ. ಎದ್ದು ಸ್ಟ್ರೆಚರಿನ ಮುಂದಿನ ಹಿಡಿಗೆ ಹೆಗಲು ಕೊಟ್ಟ.

ಕತ್ತಲು ಇಳಿಯುವ ಹೊತ್ತಿಗೆ ಏಣು ದಾಟಿದೆವು. ಮಾವ ಉಸಿರಾಡುತ್ತಿದ್ದಾರೆ, ನಾಡಿ ಪರವಾಗಿಲ್ಲ ಎಂದು ಮೊಮೊಸೆ ಹೇಳಿದ. ನನ್ನ ಭಯ ಮಾತ್ರ ಇಳಿಯಲಿಲ್ಲ. ಜೇಬಿನಲ್ಲಿ ಗಂಟೆ ಹೆಜ್ಜೆಗೊಮ್ಮೆ ಸದ್ದು ಮಾಡುತ್ತಿತ್ತು, ಮುಷ್ಟಿಯಲ್ಲಿ ಬಿಗಿಹಿಡಿದೆ. ಬಾಯಿ ಮುಚ್ಚಿಕೊಂಡಿದ್ದರೆ ನಾನು ಕಳ್ಳಿಯಲ್ಲ. ಮುಂದೆ ಹೋಗುತ್ತಿದ್ದ ಮಿತ್ಸುರುವಿನ ಬೆನ್ನು ಮಾತ್ರ, ಅಪ್ಪ ತನ್ನನ್ನು ಬಿಟ್ಟು ಸೊಸೆಗೆ ಹೇಳಿದ ಎಂಬ ಆ ಸುಳ್ಳನ್ನು ಬದುಕಿರುವವರೆಗೂ ಹೊರಬೇಕು.

ಹಿಮ ಮುಗಿದು ಮಳೆ ಶುರುವಾದ ಕಡೆ ಮುಷ್ಟಿ ಬಿಚ್ಚಿದೆ.

"ರೀ, ಮಾವ ಹೇಳಿರಲಿಲ್ಲ," ಅಂದೆ. "ಮೂರು ವರ್ಷದಿಂದ ನಾನೇ ಕದೀತಿದ್ದೆ."

ಸ್ಟ್ರೆಚರ್ ನಿಂತಿತು. ಎಲ್ಲರೂ ಕೇಳಿಸಿಕೊಂಡರು. ಮಿತ್ಸುರು ತಿರುಗಲಿಲ್ಲ. ಅವನ ಕತ್ತಿನ ಮೇಲೆ ಮಳೆ ಇಳಿಯುವುದನ್ನು ನೋಡುತ್ತ ನಿಂತೆ.

"ನೆಲ ಹೆಪ್ಪುಗಟ್ತಾ ಇದೆ," ಅಂದ ಕೊನೆಗೆ. "ಕಾಲು ನೋಡ್ಕೊಂಡು ಇಳಿ."