ಊರ ಹಲಗೆಯ ಟ್ರೈಲರ್

ಹಸುಗಳಿಗೆ ಮೇವು ತರಲು ಬೆಳಿಗ್ಗೆ ಟ್ರೈಲರ್ ಹತ್ತಿದ ಸುನಿತಾಳ ಎಡಗಾಲು ಗೋಣಿಚೀಲದ ಮೇಲೆ ಬಿತ್ತು. ಬಿದ್ದದ್ದೇ ತಡ, ಚೀಲದ ಸಮೇತ ತೊಡೆಯವರೆಗೂ ಕೆಳಗಿಳಿಯಿತು. ಒಂದು ಕಾಲು ಟ್ರೈಲರಿನ ಮೇಲೆ, ಇನ್ನೊಂದು ಅದರಡಿ ಗಾಳಿಯಲ್ಲಿ. ಅಷ್ಟರಲ್ಲೂ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಆ ಚೀಲ. ಅದು ಅವರ ಮನೆಯದಲ್ಲ. ಹೊಸ ಮನೆಯ ತಳಪಾಯಕ್ಕೆ ಸೈಜುಕಲ್ಲು ಹೊಡೆಯುತ್ತೇನೆಂದು ನಿನ್ನೆ ಟ್ರೈಲರ್ ಒಯ್ದಿದ್ದ ಶಿವಣ್ಣ ಕತ್ತಲಾದ ಮೇಲೆ ತಂದು ನಿಲ್ಲಿಸಿದ್ದ. ಮುರಿದ ಕಡೆಗೆಲ್ಲ ಚೀಲ ಹಾಸಿ, ಮಲಗಿದ ಕೂಸಿಗೆ ಹೊದಿಸಿದಷ್ಟು ನಾಜೂಕಾಗಿ ಅಂಚು ಒತ್ತಿ, ಸದ್ದಿಲ್ಲದೆ ಹೋಗಿದ್ದ.

ಕಾಲು ಈಚೆ ಎಳೆದುಕೊಂಡು ಉಳಿದ ಚೀಲಗಳನ್ನೂ ಎತ್ತಿ ನೋಡಿದಳು. ಎರಡು ಹಲಗೆ ನಡುವಿಗೇ ಮುರಿದಿದ್ದವು. ಮಿಕ್ಕವೂ ಹೇಳಿಕೊಳ್ಳುವಂತಿರಲಿಲ್ಲ. ವರ್ಷಗಟ್ಟಲೆ ಊರವರ ತಿಪ್ಪೆಗೊಬ್ಬರ, ಮರಳು, ಜಲ್ಲಿ, ಸಿಮೆಂಟು ಹೊತ್ತು ಮರ ಮೆತ್ತಗಾಗಿತ್ತು. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು.

ಕಟ್ಟೆಕೊಪ್ಪಲಿನಲ್ಲಿ ಟ್ರಾಕ್ಟರಿಗೇನೂ ಬರವಿರಲಿಲ್ಲ. ಟ್ರೈಲರ್ ಇದ್ದದ್ದು ಮಾತ್ರ ಎರಡು. ಒಂದು ಕಬ್ಬಿನ ಕಾಲ ಪೂರ್ತಿ ಫ್ಯಾಕ್ಟರಿಯ ಸಾಲಿನಲ್ಲೇ ನಿಂತಿರುತ್ತಿತ್ತು. ಇನ್ನೊಂದು ಸುನಿತಾಳ ಗಂಡ ಕುಮಾರನದು, ಅಂದರೆ ಊರಿನದು. ಕೇಳಿದವರಿಗೆ ಇಲ್ಲ ಎನ್ನಲು ಕುಮಾರನಿಗೆ ಬಾಯಿ ಬರುತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಗಾದೆಗೆ ಕೈಕಾಲು ಬಂದರೆ ಕುಮಾರನ ಹಾಗೇ ಬೀಡಿ ಸೇದುತ್ತ ಜಗಲಿಯ ಮೇಲೆ ಕೂತಿರುತ್ತಿತ್ತು.

"ಈ ಪೀಡೆ ಸಾಕು ಕಣೇ," ಎಂದ ಅವನು, ಮುರಿದ ಹಲಗೆ ನೋಡಿ. "ಮಾರ್ಬುಡ್ತೀನಿ. ಪಾಂಡವಪುರದ ದಲ್ಲಾಳಿಗೆ ಏಳಿವ್ನಿ, ಸೋಮವಾರ ಬತ್ತಾನೆ."

"ಏಳಿವ್ನಿ ಅಂದ್ರೆ? ಮುರ್ದಿದ್ದು ನಿನ್ನೆ. ಯಾವಾಗ ಏಳ್ದೆ ಬಾವ?"

ಕುಮಾರ ಬೀಡಿಯ ತುದಿಯನ್ನೇ ನೋಡಿದ. ಅವನು ಸುನಿತಾಳಿಗೆ ಸೋದರತ್ತೆಯ ಮಗ. ಚಡ್ಡಿ ಹಾಕುವ ಕಾಲದಿಂದ ನೋಡಿದವಳಿಗೆ ಅವನ ಸುಳ್ಳು ತಿಳಿಯಲು ಮುಖ ನೋಡಬೇಕಾಗಿರಲಿಲ್ಲ. ಹಲಗೆ ಒಂದು ನೆಪ. ಅವಳು ಟ್ರಾಕ್ಟರ್ ಓಡಿಸಲು ಕಲಿತು ಎರಡು ವರ್ಷವಾಗಿತ್ತು. ಕಲಿಸಿದವನೂ ಕುಮಾರನೇ. ಆಗ ಇಲ್ಲದ ನಾಚಿಕೆ ಅವನಿಗೆ ಅಂಟಿದ್ದು ದ್ಯಾವಮ್ಮನ ಟೀ ಅಂಗಡಿಯ ಬೆಂಚಿನಲ್ಲಿ. "ಏನ್ಲಾ ಕುಮಾರ, ಎಡ್ತಿ ಗಾಡಿ ಓಡಿಸ್ತಾವ್ಳೆ, ನೀನೇನು ಮುದ್ದೆ ತೊಳಸ್ತೀಯಾ?" ಎಂದು ದಿನಾ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ, ಮನೆಗೆ ಬಂದು ತಟ್ಟೆ ಕುಕ್ಕುತ್ತಿದ್ದ.

ಸುನಿತಾ ಬಿಂಡಿಗನವಿಲೆಯವಳು, ಕುರಿಯ ಹಿಂದೆ ಅಲೆದು ಬೆಳೆದವಳು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಎರಡು ಹಸು ಇದ್ದವು, ಕೆರೆಯಾಚೆ ಮೇವಿನ ಹೊಲ. ಅಲ್ಲಿಂದ ಹಸಿ ಜೋಳದ ಹೊರೆಯನ್ನು ತಲೆಯ ಮೇಲೆ ತರುವಾಗ ದಾರಿಯಲ್ಲಿ ಯಾರು ಮಾತಾಡಿಸಿದರೂ ಅವರ ಪಾದ ಮಾತ್ರ ಕಾಣುತ್ತಿತ್ತು. ಗಾಡಿ ಕಲಿತ ಮೇಲೆ ಹಸು ನಾಲ್ಕಾದವು, ಅವಳು ಕುತ್ತಿಗೆ ಎತ್ತಿ ಜನರ ಮುಖ ನೋಡುತ್ತ ಊರೊಳಗೆ ಬಂದಳು. ಟ್ರೈಲರ್ ಹೋದರೆ ಎರಡು ಹಸುವೂ ಹೋದ ಹಾಗೆ, ಮತ್ತೆ ತಲೆಹೊರೆ. ಅದನ್ನು ನೆನೆದು ಅವಳಿಗೆ ಭಯವಾಯಿತು. ಭಯವಾದದ್ದಕ್ಕೆ ಕೋಪ ಬಂತು.

"ಸೋಮವಾರದೊಳಗೆ ನಾನು ತಳ ಆಕಿಸ್ತೀನಿ," ಎಂದಳು.

"ಆಕಿಸು, ನೋಡಾಣ," ಎಂದ ಕುಮಾರ. ಅವಳ ಹತ್ತಿರ ಒಂದು ತುಂಡು ಮರವೂ ಇಲ್ಲವೆಂದು ಅವನಿಗೆ ಗೊತ್ತಿತ್ತು.

ಒಳಗೆ ಹೋಗಿ ಅತ್ತೆ ಬೈರಮ್ಮನ ಮುಂದೆ ಕೂತಳು. ಬೈರಮ್ಮ ಹುರುಳಿ ಕೇರುತ್ತಿದ್ದರು. ಪಕ್ಕದಲ್ಲಿ ಚೌಡಯ್ಯನ ಮನೆಯಿಂದ ಈಸಿಕೊಂಡಿದ್ದ ದೊಡ್ಡ ಪಾತ್ರೆ ಇತ್ತು. ಅದನ್ನು ವಾಪಸು ಕಳಿಸುವ ಮೊದಲು ತಳಕ್ಕೆ ಒಂದು ಹಿಡಿ ಕಾಳು ಹಾಕಿದರು. ಈಸಿಕೊಂಡ ಪಾತ್ರೆಯನ್ನು ಬರಿದು ಕಳಿಸಬಾರದು, ಮನೆಯ ಲಕ್ಷ್ಮಿ ಹೋಗುತ್ತಾಳೆ.

"ಅತ್ತೆ," ಎಂದಳು ಸುನಿತಾ, ಆ ಕಾಳನ್ನೇ ನೋಡುತ್ತ, "ಪಾತ್ರೆಗೆ ಒಂದ್ ನ್ಯಾಯ, ಟ್ರೈಲ್ರಿಗೆ ಒಂದ್ ನ್ಯಾಯನಾ? ನಮ್ಮ ಟ್ರೈಲ್ರು ಇಷ್ಟ್ ವರ್ಸ ಎಲ್ಲಾರ ಮನೆಯಿಂದ ಬರಿದಾಗೇ ಬಂತಲ್ಲ?"

ಬೈರಮ್ಮ ಮೊರ ಕೆಳಗಿಟ್ಟರು. ಸೊಸೆಯ ಮುಖ ನೋಡಿದರು. ಆಮೇಲೆ ನಗಲು ಶುರುಮಾಡಿದರು. "ಅತ್ತು ಜನದ ಉಲ್ಲುಕಡ್ಡಿ ಒಬ್ಬನ ತಲೆವೊರೆ ಕಣಮ್ಮಿ. ಓಗು, ಕೇಳು. ಮೊದ್ಲು ನಂದು ತಕೋ, ಅಟ್ಟದ ಮ್ಯಾಲೆ ಒಂದು ಅಲಗೆ ಅದೆ."

ಅತ್ತೆಯ ಹಲಗೆ ಜಗಲಿಗೆ ಇಳಿಸಿ ಸುನಿತಾ ನೆಟ್ಟಗೆ ಶಿವಣ್ಣನ ಮನೆಗೆ ನಡೆದಳು. ಅವನ ಗೋಣಿಚೀಲವನ್ನು ಮಡಚಿ ಕೈಯಲ್ಲಿ ಹಿಡಿದಿದ್ದಳು.

"ಅಣ್ಣೋ, ನಿಮ್ಮ ಚೀಲ ನಮ್ಮ ಗಾಡೀಲಿ ಉಳ್ಕೊಂಡಿತ್ತು."

"ಅಯ್ಯೋ, ಮೊದ್ಲೇ ಮುರ್ದಿತ್ತು ಕಣವ್ವ, ನಾನು ಮುರೀಲಿಲ್ಲ!" ಎಂದ ಶಿವಣ್ಣ. ಹಲಗೆಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ತಾನೇ ಹೇಳಿಬಿಟ್ಟೆನೆಂದು ತಿಳಿದು ತನ್ನ ಹೆಂಡತಿಯ ಮುಖ ನೋಡಿದ, ಅವಳು ಇವನ ಮುಖ ನೋಡಿದಳು. ಹೊಸ ಮನೆಯ ಬಾಗಿಲಿಗೆಂದು ಕೊಯ್ಸಿಟ್ಟಿದ್ದ ಹಲಸಿನ ಹಲಗೆ ಎರಡು ಹಿತ್ತಿಲಿನಿಂದ ಹೊರಬಂದವು.

ಸುನಿತಾ ಅಂದುಕೊಂಡಿದ್ದು ಏಳೆಂಟು ಮನೆ ಬಾಗಿಲಲ್ಲಿ ಬಾಯಿ ಬಡಿದುಕೊಳ್ಳಬೇಕಾದೀತು ಎಂದು. ಹಾಗಾಗಲಿಲ್ಲ. ಶಿವಣ್ಣ ಹಲಸು ಕೊಟ್ಟನೆಂಬ ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಗೊಬ್ಬರ ಹೊಡೆಯಲು ಪ್ರತಿ ವರ್ಷ ಟ್ರೈಲರ್ ಒಯ್ಯುವ ಚೌಡಯ್ಯ ಬಾಗಿಲಲ್ಲೇ ಕಾದು ನಿಂತಿದ್ದ. "ಅವ್ನು ಅಲಸು ಕ್ವಟ್ಟ ಮ್ಯಾಲೆ ನಾನು ಬೇವು ಕ್ವಟ್ರೆ ಮರ್ವಾದೆ ಏನವ್ವ ಉಳ್ದದ್ದು?" ಎಂದು ಅಪ್ಪನ ಕಾಲದ ಹೊನ್ನೆ ಮಂಚವನ್ನೇ ಕಳಚಿದ. ಅಲ್ಲಿಗೆ ಊರಿಗೆ ಹುಚ್ಚು ಹಿಡಿಯಿತು. ಒಬ್ಬರು ತೇಗ ತಂದರೆ ಪಕ್ಕದವರು ಅದಕ್ಕಿಂತ ಅಗಲದ ಮತ್ತಿ ತಂದರು. ಜನ್ಮದಲ್ಲಿ ಟ್ರೈಲರ್ ಕೇಳದವನೊಬ್ಬ ತನ್ನ ಹಲಗೆ ಯಾಕೆ ಬೇಡ ಎಂದು ಜಗಳಕ್ಕೆ ಬಂದ. ಕೊಡುವುದಕ್ಕೆ ಹಿಂದೆಮುಂದೆ ನೋಡುವ ಜನ ಕೂಡ ಪಕ್ಕದ ಮನೆಯವನಿಗಿಂತ ಕಡಿಮೆ ಕೊಡುವುದಕ್ಕೆ ಮಾತ್ರ ಒಪ್ಪುವುದಿಲ್ಲ.

ಶನಿವಾರ ಹಲಗೆಗಳೆಲ್ಲ ಕೆ.ಆರ್. ಪೇಟೆಯ ಸಾಮಿಲ್ಲಿಗೆ ಹೋಗಿ ಒಂದೇ ದಪ್ಪಕ್ಕೆ ಕೊಯ್ಸಿಕೊಂಡು ಬಂದವು. ಬಡಗಿ ನಂಜಾಚಾರಿಯ ಜೊತೆ ಸುನಿತಾ ತಾನೇ ನಿಂತು ಹಳೆ ತಳ ಕಿತ್ತಳು. ತುಕ್ಕು ಹಿಡಿದ ನಟ್ಟುಗಳು ಜಪ್ಪಯ್ಯ ಎಂದರೂ ಅಲುಗಲಿಲ್ಲ, ಉಳಿ ಇಟ್ಟು ಬೋಲ್ಟುಗಳನ್ನೇ ಕತ್ತರಿಸಿದರು. ಹೊಸ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ, ಮಳೆಗೆ ಉಬ್ಬಿದರೆ ಜಾಗವಿರಲಿ ಎಂದು ನಡುವೆ ಒಂದು ರೂಪಾಯಿ ನಾಣ್ಯ ಹೋಗುವಷ್ಟು ಸಂದು ಬಿಟ್ಟು, ರಂಧ್ರ ಕೊರೆದು ಬಿಗಿದರು. ಯಾರ ಹಲಗೆ ಎಲ್ಲಿ ಎಂಬುದಕ್ಕೆ ಸುತ್ತಿಗೆಯ ಏಟಿಗಿಂತ ಹೆಚ್ಚು ಸದ್ದಾಯಿತು. ಕಲ್ಲು ಬೀಳುವ ಹಿಂದಿನ ತುದಿ ಯಾರಿಗೂ ಬೇಡ. ಎಲ್ಲರಿಗೂ ನಡುಮಧ್ಯವೇ ಬೇಕು, ಮದುವೆ ಪಂಕ್ತಿಯ ಹಾಗೆ.

"ಶಿವಣ್ಣಂದು ಎರಡೂ ಇಂದಕ್ಕೆ," ಎಂದಳು ಸುನಿತಾ. "ಅಣ್ಣ ಕಲ್ಲು ಎಂಗೆ ಇಳಿಸ್ತಾರೋ ಅವರ ಅಲಗೇನೇ ನೋಡ್ಲಿ."

ಭಾನುವಾರ ಸಂಜೆಗೆ ಇನ್ನೊಂದೇ ಹಲಗೆಯ ಜಾಗ ಉಳಿದಿತ್ತು. ಊರಿನಲ್ಲಿ ಒಣಗಿದ ಮರ ಮುಗಿದಿತ್ತು. ಹಸಿ ಮರ ಹಾಕಿದರೆ ಸೊಟ್ಟಗಾಗುತ್ತದೆಂದು ನಂಜಾಚಾರಿ ತಲೆಯಾಡಿಸಿದ. ಆಗ ದ್ಯಾವಮ್ಮ ಟೀ ಅಂಗಡಿಯ ಬೆಂಚಿನ ಹಲಗೆಯನ್ನು ಮೊಮ್ಮಗನ ಕೈಲಿ ಹೊರಿಸಿಕೊಂಡು ಬಂದಳು. ಇಪ್ಪತ್ತು ವರ್ಷ ಊರ ಗಂಡಸರು ಕೂತು ಕೂತು ಕನ್ನಡಿಯಷ್ಟು ನುಣುಪಾಗಿದ್ದ ಹಲಗೆ.

"ತಕೋ," ಎಂದಳು. "ಇದ್ರ ಮ್ಯಾಲೆ ಕೂತು ನಿನ್ನನ್ನೇ ಆಡ್ಕಂತಾ ಇದ್ರು. ಇನ್ ಮ್ಯಾಲೆ ನಿಂತ್ಕಂಡು ಕುಡೀಲಿ ಮೂದೇವಿಗಳು. ಬಿರ್ರನೆ ಕುಡ್ದು ಮನೆಗಾದ್ರೂ ಓಯ್ತಾರೆ."

ಅದನ್ನೂ ಬಿಗಿದು, ಟ್ರಾಕ್ಟರಿನಿಂದ ತೆಗೆದಿಟ್ಟಿದ್ದ ಹಳೆ ಇಂಜಿನ್ ಆಯಿಲ್ಲನ್ನು ಎರಡು ಸಲ ಬಳಿದಾಗ ತಳ ಕಪ್ಪಗೆ ಮಿಂಚಿತು. ಸುನಿತಾ ಹತ್ತಿ ಕುಣಿದು ನೋಡಿದಳು. ಒಂದು ಕಡೆಯೂ ಕಿರ್ರೆನ್ನಲಿಲ್ಲ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಆ ರಾತ್ರಿ ಗಂಡನಿಗೆ ಕೇಳದೆಯೇ ಎರಡನೇ ಸಲ ತುಪ್ಪ ಬಡಿಸಿದಳು. ಕುಮಾರ ಉಂಡು ಮಲಗಿದ. ದಲ್ಲಾಳಿಗೆ ಬರಬೇಡವೆಂದು ಫೋನು ಮಾಡಿದ್ದೀಯಾ ಎಂದು ಅವಳು ಕೇಳಲಿಲ್ಲ. ತಳ ಆಗಿದೆ, ಮಾತು ಮಾತೇ ಎಂದು ನಂಬಿದ್ದಳು.

ಸೋಮವಾರ ದಲ್ಲಾಳಿ ಬಂದ.

ಬಂದವನು ಟ್ರೈಲರ್ ಸುತ್ತಿದ, ಟೈರು ಒದ್ದ, ಮೇಲೆ ಹತ್ತಿ ಹಿಮ್ಮಡಿಯಲ್ಲಿ ಹಲಗೆ ಗುದ್ದಿದ. ಅವನ ಹುಬ್ಬು ಮೇಲೇರಿತು. "ಮುರ್ಕಲು ಅಂದಿದ್ರಲ್ಲಣ್ಣ? ಇದು ಅರಮನೆ ತಳ ಆಗದೆ. ಆವತ್ತು ಏಳಿದ್ ರೇಟು ಬುಟ್ಬುಡಿ, ಒಳ್ಳೇ ರೇಟು ಮಾಡಾಣ."

ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಕೈಯಲ್ಲಿ ನಿಂತಿದ್ದ ಸುನಿತಾಳಿಗೆ ಅದು ಕೇಳಿಸಿತು. ತಾನು ಹಾಕಿಸಿದ ತಳವೇ ತನ್ನ ಟ್ರೈಲರನ್ನು ಮಾರಿಸುತ್ತಿತ್ತು. ಕುಮಾರ ಅವಳ ಕಡೆ ನೋಡದೆ ಕತ್ತು ಕೆರೆದುಕೊಂಡ. ಬೇಡ ಎನ್ನುವ ಮಾತು ಅವನ ಬಾಯಿಂದ ಈಗಲೂ ಹೊರಡಲಿಲ್ಲ.

ಅವಳು ಕೈ ತೊಳೆದುಕೊಂಡು ಅಂಗಳಕ್ಕೆ ಬಂದಳು. ಬೇಡಿಕೊಳ್ಳುವ ಹೆಣ್ಣಲ್ಲ ಅವಳು.

"ಮಾರು ಬಾವ, ಗಾಡಿ ನಿಮ್ಮಪ್ಪಂದು," ಎಂದಳು ಗಟ್ಟಿಯಾಗಿ. "ಅಲಗೆ ಮಾತ್ರ ಯಾರ್ಯಾರ್ದೋ. ಅವ್ರನ್ನ ಒಂದ್ ಮಾತು ಕೇಳ್ಬುಡು."

ಕೇಳಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಪರವೂರ ಬೈಕು ಅಂಗಳದಲ್ಲಿ ನಿಂತರೆ ಅರ್ಧ ಊರು ಬೇಲಿಯ ಹತ್ತಿರ ನೆರೆಯುತ್ತದೆ. ಚೌಡಯ್ಯ ಮೊದಲು ಒಳಗೆ ನುಗ್ಗಿದ. "ಮಾರೋದಾ? ನಮ್ಮಪ್ಪ ಮಲಗಿದ್ ಮಂಚ ಕಣ್ಲಾ ಅದು! ಪಾಂಡವಪುರದಲ್ಲಿ ಯಾವನ್ ಗೊಬ್ರನೋ ಒರೋಕೆ ಕ್ವಟ್ನಾ ನಾನು?" ಶಿವಣ್ಣ ತನ್ನ ಬಾಗಿಲ ಹಲಗೆ ಈಗಲೇ ಬಿಚ್ಚಿಕೊಡಿ ಎಂದ. ದ್ಯಾವಮ್ಮ ರಸ್ತೆಯಿಂದಲೇ ತನ್ನ ಬೆಂಚು ಕೇಳಿದಳು. ಜಗಲಿಯ ಮೇಲಿದ್ದ ಬೈರಮ್ಮ ಕೂಡ ಎದ್ದು ನಿಂತು, "ನಂದೂ ಒಂದದೆ, ಅದ್ನೂ ಬಿಚ್ಚು," ಎಂದು ಮಗನಿಗೆ ಹೇಳಿದರು.

ದಲ್ಲಾಳಿ ಟ್ರೈಲರಿನ ಮೇಲಿಂದ ಎಲ್ಲರ ಬಾಯನ್ನೂ ಒಂದು ಸುತ್ತು ನೋಡಿದ. "ಎಲ್ಲಾ ಬಿಚ್ಕೊಂಡ್ರೆ ನಂಗೆ ಉಳಿಯೋದು ಎರಡ್ ಚಕ್ರ, ನಾಕ್ ಕಬ್ಬಿಣ. ಊರ್ ತುಂಬಾ ಯಜಮಾನ್ರಿರೋ ಗಾಡಿ ನಂಗ್ಯಾಕಣ್ಣ?" ಎಂದು ಇಳಿದು ಬೈಕು ಹತ್ತಿದ. ಬೀಸೋ ದೊಣ್ಣೆ ತಪ್ಪಿತು ಎಂದುಕೊಂಡಳು ಸುನಿತಾ.

ಬೈಕಿನ ಧೂಳು ಅಡಗುವ ಮೊದಲೇ ಶಿವಣ್ಣ, "ನಾಳೆ ಇನ್ನೆರಡು ಲೋಡ್ ಕಲ್ಲಿತ್ತು..." ಎಂದು ಶುರುಮಾಡಿದ.

"ಆಗ್ಲಿ ಅಣ್ಣ. ಓಡ್ಸೋಳು ನಾನು," ಎಂದಳು ಸುನಿತಾ. "ಯಾರ್ ಕೆಲ್ಸಕ್ಕೂ ಅಷ್ಟೇ, ನಾನಿಲ್ದೆ ಈ ಗಾಡಿ ಅಂಗಳ ದಾಟಲ್ಲ. ಕಲ್ಲು ಕೈಯಲ್ಲಿ ಇಳಿಸ್ಬೇಕು, ಎತ್ತಾಕಂಗಿಲ್ಲ."

ಶಿವಣ್ಣನಿಗಿಂತ ಮೊದಲು ಚೌಡಯ್ಯ ಹೂಂ ಎಂದ.

ಕುಮಾರ ಮಾತ್ರ ಟ್ರೈಲರಿನ ಪಕ್ಕದಲ್ಲೇ ನಿಂತಿದ್ದ. ಮುಂದಿನಿಂದ ಹಿಂದಿನವರೆಗೆ ಒಂದೊಂದೇ ಹಲಗೆ ಮುಟ್ಟುತ್ತ ಹೋದ. ಇದು ಅವ್ವನದು, ಇದು ಚೌಡಯ್ಯನದು, ಇದು ದ್ಯಾವಮ್ಮನದು. ಹಿಂದಿನ ತುದಿಯವರೆಗೂ ಹೋಗಿ ಕೈ ನಿಂತಿತು.

"ನಂದು ಒಂದೂ ಇಲ್ವಲ್ಲೇ," ಎಂದ ಮೆಲ್ಲಗೆ.

ಇದಕ್ಕೆ ಕೊಡಲು ಸುನಿತಾಳ ನಾಲಿಗೆಯ ತುದಿಯಲ್ಲಿ ಹತ್ತು ಉತ್ತರ ಸಿದ್ಧವಿದ್ದವು, ಒಂದಕ್ಕಿಂತ ಒಂದು ಖಾರ. ಅವನ ಮುಖ ನೋಡಿದಳು. ನಿಜವಾಗಿಯೂ ಸೋತಿದ್ದ. ಅವಳಿಗೆ ಅವನ ಮೇಲೆ ಮರುಕ ಬಂತು, ಪ್ರೀತಿಯೂ ಬಂತು, ಎರಡಕ್ಕೂ ತನ್ನ ಮೇಲೇ ಸಿಟ್ಟು ಬಂತು. ಟ್ರಾಕ್ಟರ್ ಸೀಟಿನಡಿಯಿಂದ ಸ್ಪ್ಯಾನರ್ ತೆಗೆದು ಅವನ ಕೈಗಿಟ್ಟಳು.

"ಒಸ ಅಲಗೆ, ನಟ್ಟು ಸಡ್ಲ ಆಯ್ತವೆ. ಎಲ್ಲಾ ಒಂದ್ಸಲ ಬಿಗಿ ಮಾಡು."

ಕುಮಾರ ಟವೆಲ್ ತಲೆಗೆ ಸುತ್ತಿಕೊಂಡು ಟ್ರೈಲರಿನಡಿ ತೂರಿದ. ಸುನಿತಾ ಟ್ರಾಕ್ಟರ್ ಹತ್ತಿ ಕೂತು ಕಾದಳು. ಊರವರೂ ಅಲ್ಲೇ ನಿಂತು ಅವನ ಪಾದಗಳು ಹಿಂದಿನ ತುದಿಯವರೆಗೆ ಸರಿಯುವುದನ್ನು ನೋಡಿದರು. ಒಂದು ನಟ್ಟನ್ನೂ ಅವನು ಬಿಡಲಿಲ್ಲ.

"ಆಯ್ತು, ಸ್ಟಾರ್ಟ್ ಮಾಡು," ಎಂದು ಕೆಳಗಿನಿಂದ ಕೂಗಿದ.

"ಮೊದ್ಲು ನೀನು ಈಚೆ ಬಾ ಬಾವ."

ಈಚೆ ಬಂದ. ಮೈತುಂಬ ಆಯಿಲ್ಲು, ಮೂಗಿನ ಮೇಲೂ ಒಂದು ಬೊಟ್ಟು. ಕುಡುಗೋಲು ಹಗ್ಗ ಎತ್ತಿಕೊಂಡು ಟ್ರೈಲರ್ ಹತ್ತಿ, ಮುಂದಿನ ಕಂಬಿ ಹಿಡಿದು ನಿಂತ. ಬೇಲಿಯ ಹತ್ತಿರ ನಗಲು ಕಾಯುತ್ತಿದ್ದವರ ಕಡೆ ಒಂದು ಸಲ ನೋಡಿದ.

"ಮೇವು ನಾನು ಕುಯ್ತೀನಿ, ನೀನು ಓಡ್ಸು," ಎಂದ. ಅಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದ.