ಹ್ಞೂಂಗುಟ್ಟುವ ಫ್ರಿಜ್

ಮನುಕುಲದ ಚರಿತ್ರೆಯಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಬೇಕಾದ ಘಟನೆಗಳು ಬೆರಳೆಣಿಕೆಯಷ್ಟು. ಅಡುಗೆಮನೆಯ ಹಳೆಯ ಫ್ರಿಜ್ ಅತ್ತೆಯ ಮಾತಿಗೆ "ಹ್ಞೂಂ" ಎಂದದ್ದು ಅವುಗಳಲ್ಲೊಂದು. ಆ ಹೊತ್ತಿಗೆ ಅಲ್ಲಿದ್ದವಳು ಅವರ ಮಗಳೊಬ್ಬಳೇ. ಅವಳಿಗೋ ಚರಿತ್ರೆಗಿಂತ ಅಮ್ಮನ ತಲೆಯ ಚಿಂತೆ ದೊಡ್ಡದಾಯಿತು.

"ರೀ, ಅಮ್ಮ ಫ್ರಿಜ್ ಜೊತೆ ಮಾತಾಡ್ತಿದಾಳೆ," ಎಂದು ಗಂಡನ ಎದುರು ಬಂದು ನಿಂತಳು.

"ಮಾತಾಡ್ಲಿ ಬಿಡೆ. ನಾನು ಕಾರ್ ಜೊತೆ ಮಾತಾಡಲ್ವಾ?"

"ನೀವು ಕಾರಿಗೆ ಬೈತೀರಿ, ಅದು ಬೇರೆ. ಅಮ್ಮ, ಫ್ರಿಜ್ ಉತ್ತರ ಕೊಡುತ್ತೆ ಅಂತಾಳೆ. ನಾಳೆ ಹೊಸದು ಬರುತ್ತೆ, ಇದನ್ನ ಒಯ್ತಾರೆ ಅಂದ್ರೆ ಕಣ್ಣಲ್ಲಿ ನೀರು. ಡಾಕ್ಟರಿಗೆ ತೋರಿಸ್ಲಾ, ಇಲ್ಲ ನೀವೇ ನೋಡ್ತೀರಾ? ನಿಮ್ಮ ಕಸುಬೇ ತಾನೆ ಅದು!"

ಕಸುಬು ಅದೇ, ಸುಳ್ಳಲ್ಲ. ಊರಾಚೆಯ ಗುಡ್ಡದ ಮೇಲೆ ಬಾಣಲೆಯಂಥ ಒಂದು ಭಾರಿ ಆಂಟೆನಾ ಆಕಾಶಕ್ಕೆ ಬಾಯಿ ತೆರೆದುಕೊಂಡು ಕೂತಿದೆ. ನಕ್ಷತ್ರಗಳ ಕಡೆಯಿಂದ, ನಮಗಿಂತ ಬುದ್ಧಿವಂತರು ಯಾರಾದರೂ ಒಂದು ಮಾತು ಕಳಿಸಿಯಾರೇ ಎಂದು ಕಿವಿಗೊಟ್ಟು ಕೂರುವುದು ಅಳಿಯನ ಉದ್ಯೋಗ. ಸೇರಿದಾಗ ತಲೆತುಂಬ ಕೂದಲಿತ್ತು. ಈಗ ಬಿಸಿಲಿಗೆ ಹೊಳೆಯುವುದರಲ್ಲಿ ಅವನಿಗೂ ಆಂಟೆನಾಕ್ಕೂ ಪೈಪೋಟಿ. ಆಕಾಶ ಮಾತ್ರ ಇವತ್ತಿನವರೆಗೆ ತುಟಿಪಿಟಕ್ಕೆಂದಿರಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಕಿಟಕಿಯ ಬೆಳಕಿಗೆ ಹೊಲಿಗೆಯಂತ್ರ ಎಳೆದುಕೊಂಡು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದರು. ಅಳಿಯನನ್ನು ಕಂಡು ಕನ್ನಡಕದ ಮೇಲಿಂದ ನೋಡಿದರು.

"ಪರೀಕ್ಷೆಗೆ ಬಂದಿರೋ? ಯಾರಿಗೆ, ಅದಕ್ಕೋ ನನಗೋ?"

"ಛೆ ಛೆ, ಸುಮ್ನೆ ಬಂದೆ ಅತ್ತೆ. ಅದು ಏನಂತ ಉತ್ತರ ಕೊಡುತ್ತೆ?"

"ಹ್ಞೂಂ ಅನ್ನುತ್ತೆ. ನಿಮ್ಮ ಮಾವನೂ ಅಂತಿದ್ರು ಅನ್ನಿ, ಪೇಪರಿಂದ ತಲೆ ಎತ್ತದೆ. ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ ಹ್ಞೂಂ. ಇದು ಹಾಗಲ್ಲ, ಎಲ್ಲಿ ಅನ್ಬೇಕೋ ಅಲ್ಲೇ ಅನ್ನುತ್ತೆ. ಅವರು ಹೋದ್ಮೇಲೆ ನನ್ನ ಮಾತು ಪೂರ್ತಿ ಕೇಳಿದ್ದು ಇದೊಂದೇ."

ಅಳಿಯ ಗಂಟಲು ಸರಿಮಾಡಿಕೊಂಡ. ವಿಶ್ವದ ಯಾವ ಮೂಲೆಯ ಬುದ್ಧಿವಂತರಿಗೂ ಗಣಿತವೊಂದೇ ಸಮಾನ ಭಾಷೆ ಎಂಬುದು ಅವನ ವಿದ್ಯೆಯ ಮೊದಲ ಪಾಠ. ಚಮಚ ತೆಗೆದುಕೊಂಡು ಫ್ರಿಜ್ಜಿನ ಬಾಗಿಲಿಗೆ ಎರಡು ಸಲ ಬಡಿದ. ಆಮೇಲೆ ಮೂರು. ಆಮೇಲೆ ಐದು. ಅವಿಭಾಜ್ಯ ಸಂಖ್ಯೆಗಳ ಸಾಲಿನಲ್ಲಿ ಮುಂದಿನದಾದ ಏಳು ಅತ್ತಲಿಂದ ಬರಲಿ ಎಂದು ಕಾದ.

ಏಳು ಬರಲಿಲ್ಲ. ಫ್ರಿಜ್ ಅಪರಿಚಿತರ ಮುಂದೆ ನಿಂತ ಮಗುವಿನಂತೆ ಗಪ್‌ಚಿಪ್ಪಾಗಿತ್ತು.

"ಅದಕ್ಕೆ ಯಾರು ಹ್ಞೂಂ ಅಂತಾರೆ?" ಅತ್ತೆ ದಾರ ಕಚ್ಚಿ ಕತ್ತರಿಸಿದರು. "ಮುಂದೇನಾಯ್ತು ಅಂತ ಕೇಳೋ ಹಾಗಿದೆಯಾ ಅದು?"

"ಅಲ್ಲ ಅತ್ತೆ, ನಮಗಿಂತ ಬುದ್ಧಿ ಇರೋರು ಅಂತ ಗೊತ್ತಾಗೋದು ಹೇಗೆ ಮತ್ತೆ?"

"ಬುದ್ಧಿ ಇರೋರು ಬಂದು ನಿಮಗೆ ಮಗ್ಗಿ ಒಪ್ಪಿಸ್ತಾರಾ? ಮಗ್ಗಿ ಒಪ್ಪಿಸೋವು ಮಕ್ಕಳು. ದೊಡ್ಡವರು ಬಂದ್ರೆ ಕೂತು ಕೇಳಿಸ್ಕೋತಾರೆ. ನಿಮ್ಮದೇ ಏನಾದ್ರೂ ಹೇಳಿ ನೋಡಿ."

ಫ್ರಿಜ್ಜಿಗೆ ಏನು ಹೇಳುವುದು? ಅಳಿಯ ಹಿಂದೆ ತಿರುಗಿ, ಹೆಂಡತಿ ಇಲ್ಲವೆಂದು ಖಾತ್ರಿ ಮಾಡಿಕೊಂಡ.

"ನಾನು ಗುಡ್ಡದ ಮೇಲೆ ಕೆಲಸ ಮಾಡ್ತೀನಿ," ಎಂದ. ಸದ್ದಿಲ್ಲ. "ದಿನಾ ಆಕಾಶಕ್ಕೆ ಕಿವಿ ಕೊಟ್ಟು ಕೂರ್ತೀನಿ."

ಹ್ಞೂಂ.

ಅವನು ಒಂದು ಹೆಜ್ಜೆ ಹತ್ತಿರ ಸರಿದ. "ಇಷ್ಟು ವರ್ಷ ಏನೂ ಕೇಳಿಸಿಲ್ಲ."

ಹ್ಞೂಂ. ಈ ಸಲ ತಗ್ಗಿದ ದನಿ.

"ಅದಕ್ಕೆ ನನಗೇನೂ ಬೇಜಾರಿಲ್ಲ."

ಸದ್ದಿಲ್ಲ. ಹೊಲಿಗೆಯಂತ್ರವೂ ನಿಂತಿತ್ತು. ಅತ್ತೆ ಪ್ಯಾಂಟಿನ ಗುಂಡಿಯನ್ನೇ ನೋಡುತ್ತಿದ್ದರು. ಅಳಿಯ ಚಮಚವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಇದೆ," ಎಂದ ಕೊನೆಗೆ. "ಸ್ವಲ್ಪ ಅಲ್ಲ, ಬೇಕಾದಷ್ಟಿದೆ."

ಹ್ಞೂಂ, ಎಂದಿತು ಫ್ರಿಜ್.

ಸಹೋದ್ಯೋಗಿ ಯಾರಾದರೂ ಇಂಥದ್ದನ್ನು ಹೇಳಿಕೊಂಡು ಬಂದಿದ್ದರೆ ಇವನೇ ಬೆನ್ನು ತಟ್ಟಿ ರಜೆ ಕೊಡಿಸುತ್ತಿದ್ದ. ಮೋಟರು ನಿಲ್ಲುತ್ತದೆ, ಓಡುತ್ತದೆ. ನಮಗೆ ಬೇಕಾದ್ದು ನಮಗೆ ಕೇಳಿಸುತ್ತದೆ. ಅಷ್ಟೇ ಅಲ್ಲ, ಗುಡ್ಡದ ಮೇಲೆ ಯಾವ ಸಂಕೇತ ಬಂದರೂ ಅದರಿಂದ ಮನೆಬಳಕೆಯ ಯಂತ್ರಗಳ ಗದ್ದಲವನ್ನು ಮೊದಲು ಸೋಸಿ ಎಸೆಯುವುದೇ ನಿಯಮ. ಆ ನಿಯಮ ಮಾಡಿದವನೂ ಇವನೇ. ಎಸೆದದ್ದು ಎಷ್ಟಿರಬಹುದು ಎಂಬ ಯೋಚನೆ ಬಂದು, ಅಲ್ಲೇ ಕುರ್ಚಿ ಎಳೆದು ಕೂತುಬಿಟ್ಟ.

ಹೊರಗೆ ಬಂದಾಗ ಹೆಂಡತಿ ಕಾದಿದ್ದಳು. "ಏನಂತೆ?"

"ಥರ್ಮೋಸ್ಟಾಟ್ ಸಡಿಲ ಆಗಿದೆ. ಅಮ್ಮನ ತಲೆ ಗಟ್ಟಿಯಾಗಿದೆ. ಡಾಕ್ಟರು ಬೇಡ."

"ಅಬ್ಬ! ಹಾಗಾದ್ರೆ ನಾಳೆ ಒಯ್ಯಲಿ ಬಿಡಿ ಅದನ್ನ."

"ಬೇಡ. ಇರ್ಲಿ."

"ಎರಡೆರಡು ಫ್ರಿಜ್ ಇಟ್ಕೊಂಡು ಏನ್ರೀ ಮಾಡ್ತೀರಿ? ನಿಮಗೂ ತಲೆ ಕೆಟ್ಟಿತಾ?"

"ಹ್ಞೂಂ," ಎಂದ ಅಳಿಯ.

ಮರುದಿನ ಹೊಸ ಫ್ರಿಜ್ ಬಂತು. ಅದು ಸದ್ದೇ ಮಾಡುವುದಿಲ್ಲ. ಹಳೆಯದು ಅತ್ತೆಯ ಕೋಣೆಯಲ್ಲಿದೆ. ಎದುರಿಗೆ ಎರಡು ಕುರ್ಚಿಗಳಿವೆ. ಒಳಗೆ ಏನೂ ಇಟ್ಟಿಲ್ಲ.