ಎದುರು ಕೂತವರಿಗೆ ನೆಟ್ಟಗೆ

ಮಕ್ಕಳ ಬುದ್ಧಿಗೆ ಅಂಕ ಹಾಕುವುದು ನನ್ನ ಕೆಲಸ. ನನ್ನ ಕಣ್ಣಿಗೆ ಮಣ್ಣೆರಚುವ ಮಗು ಇನ್ನೂ ಹುಟ್ಟಿಲ್ಲ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆ ದಿನ ಬಂದವಳಿಗೆ ಎಂಟು ವರ್ಷ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಅಂಕ ಎಪ್ಪತ್ತಕ್ಕಿಂತ ಕೆಳಗಿಳಿದರೆ ಹುಡುಗಿಯನ್ನು ತರಗತಿಯಿಂದ ತೆಗೆದು, ಬುದ್ಧಿ ಕಡಿಮೆ ಎನ್ನಿಸಿಕೊಂಡ ಮಕ್ಕಳ ಶಾಲೆಗೆ ಕಳಿಸುವುದಾಗಿ ಹೆಡ್‌ಮಾಸ್ಟರು ಬರೆದಿದ್ದರು. ಹೊರಗಿನ ಬೆಂಚಿನಲ್ಲಿ ತಾಯಿ ಕೂತಿದ್ದರು.

ಪದಗಳ ಪ್ರಶ್ನೆಗಳಿಗೆ ಹುಡುಗಿ ಬಾಯೇ ಬಿಡಲಿಲ್ಲ. ಆಮೇಲೆ ಕೆಂಪು-ಬಿಳಿ ಬ್ಲಾಕುಗಳು. ಕಾರ್ಡಿನಲ್ಲಿರುವ ಚಿತ್ತಾರವನ್ನು ಅವುಗಳಲ್ಲಿ ಜೋಡಿಸಬೇಕು; ನಾನು ಎದುರು ಕೂತು ಸ್ಟಾಪ್‌ವಾಚ್ ಹಿಡಿಯುತ್ತೇನೆ. ಮಗುವಿನ ಕಡೆಯಿಂದ ಸರಿಯಿದ್ದರೆ ನನಗದು ತಲೆಕೆಳಗಾಗಿ ಕಾಣಬೇಕು. ಇವಳದು ನನಗೆ ನೆಟ್ಟಗೆ ಕಾಣಿಸಿತು. ಅಂದರೆ ತಪ್ಪು, ಸೊನ್ನೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಸಾಲಾಗಿ ಮೂರು ಸೊನ್ನೆ ಬಿದ್ದರೆ ನಿಲ್ಲಿಸಬೇಕೆಂಬುದು ನಿಯಮ. ಬ್ಲಾಕುಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ.

"ಆಂಟಿ, ನಿಮಗೆ ನೆಟ್ಟಗೆ ಕಾಣ್ಲಿಲ್ವಾ?"

"ಕಾಣ್ತಲ್ಲ. ಯಾಕೆ?"

"ಗಿರಾಕಿಗೆ ಡಿಸೈನ್ ತೋರಿಸ್ವಾಗ ಅವರ ಕಡೆಗೆ ನೆಟ್ಟಗಿಡ್ಬೇಕು ಅಂತ ಅಮ್ಮ ಹೇಳ್ತಾಳೆ. ನಮಗೆ ಹೇಗೆ ಕಂಡ್ರೇನು?"

ನನ್ನ ಕೈ ಅಲ್ಲೇ ನಿಂತಿತು. ಈ ಪುಟಾಣಿ ಪ್ರತಿ ಚಿತ್ತಾರವನ್ನೂ ಮನಸ್ಸಿನಲ್ಲೇ ತಿರುಗಿಸಿ, ನನ್ನ ಕಣ್ಣಿನಿಂದ ನೋಡಿ, ಜೋಡಿಸಿದ್ದಳು! ನಿಯಮವನ್ನು ಗಾಳಿಗೆ ತೂರಿ ಕೊನೆಯ ಕಾರ್ಡು ತೆಗೆದೆ. ಒಂಬತ್ತು ಬ್ಲಾಕಿನದು, ಹದಿನಾರರ ಹುಡುಗರೂ ಬೆವರುವಂಥದು.

"ಈ ಸಲ ನಿಂಗೆ ನೆಟ್ಟಗೆ ಕಾಣೋ ಹಾಗೆ ಇಡು, ಪುಟ್ಟಾ."

ನಲವತ್ತೊಂದೇ ಸೆಕೆಂಡು. ಒಂದೂ ತಪ್ಪಿಲ್ಲ. ಅವಳ ಮುಖ ಮಾತ್ರ ಸಪ್ಪಗಾಯಿತು.

"ಈಗ ನಿಮಗೆ ಉಲ್ಟಾ ಕಾಣುತ್ತಲ್ಲ, ಆಂಟಿ."

ಅಂಕದ ಹಾಳೆಯಲ್ಲಿ ಇದನ್ನು ಬರೆಯಲು ಜಾಗವೇ ಇರಲಿಲ್ಲ. ಹಾಳೆಗೆ ಅಡ್ಡಲಾಗಿ, 'ಈ ಮಗುವಿನ ಬುದ್ಧಿ ಈ ಪರೀಕ್ಷೆಯ ಅಳತೆಗೆ ಸಿಕ್ಕಿಲ್ಲ. ಅವಳು ಇದ್ದ ತರಗತಿಯಲ್ಲೇ ಇರಲಿ' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದೆ. ಹೊರಗೆ ಹೋಗಿ ಓದಿ ಹೇಳಿದಾಗ ತಾಯಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಇಬ್ಬರೂ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ ಮೇಲೆ ನಾನು ಬೀರು ತೆರೆದೆ. ಹಳೆಯ ಹಾಳೆಗಳ ಕಟ್ಟುಗಳಲ್ಲಿ ಒಂದನ್ನು ಬಿಚ್ಚಿದೆ. 'ತಿರುಗಿಸಿ ಜೋಡಿಸಿದ್ದಾನೆ, ಸೊನ್ನೆ.' 'ತಿರುಗಿಸಿ ಜೋಡಿಸಿದ್ದಾಳೆ, ಸೊನ್ನೆ.' ಎಲ್ಲವೂ ನನ್ನದೇ ಅಕ್ಷರ. ಯಾಕೆ ತಿರುಗಿಸಿದೆ ಕಂದಾ ಎಂದು ಒಬ್ಬರನ್ನೂ ನಾನು ಕೇಳಿರಲಿಲ್ಲ.